ಸಹಾಯ ಬೇಕು: ಕಾಂಬೋಡಿಯಾದಲ್ಲಿ ದ್ವೀಪ ಮೊದಲೋ, ಅಂಕೋರ್ ಮೊದಲೋ?

ಎಲ್ಲರಿಗೂ ನಮಸ್ಕಾರ. ದಸರಾ ರಜೆಗೆ ನಾನು, ನಮ್ಮೆಜಮಾನ್ರು, ಮಗಳು, ಅಮ್ಮ ಎಂಟು ದಿನ ಕಾಂಬೋಡಿಯಾಕ್ಕೆ ಹೊರಟಿದ್ದೇವೆ. ಅಮ್ಮನಿಗೆ ಅಂಕೋರ್ ವಾಟ್ ನೋಡಬೇಕು, ಮಗಳಿಗೆ ಸಮುದ್ರ ಬೇಕು. ಅದಕ್ಕೇ ಕೊ ರೊಂಗ್ ದ್ವೀಪವನ್ನೂ ಸೇರಿಸಿದೆವು. ತಲೆನೋವು ಶುರುವಾಗಿದ್ದೇ ಅಲ್ಲಿ.

ಅಂಕೋರ್‌ನ ದೇವಸ್ಥಾನಗಳಿಗೆಲ್ಲ ಸೇರಿ 62 ಡಾಲರ್‌ನ ಮೂರು ದಿನದ ಪಾಸ್ ಸಾಕು. 10 ದಿನದೊಳಗೆ ಯಾವ ಮೂರು ದಿನ ಹೋದರೂ ನಡೆಯುತ್ತದೆ. ಅಮ್ಮನಿಗೆ ಮಂಡಿನೋವು, ಮೇಲಿನ ಗೋಪುರದ ಕಡಿದಾದ ಮೆಟ್ಟಿಲು ಹತ್ತಲ್ಲ. ಆದರೆ ಮರದ ಬೇರು ಗೋಡೆಯನ್ನೇ ತಬ್ಬಿಕೊಂಡಿರುವ ತಾ ಪ್ರೋಮ್ ದೇವಸ್ಥಾನ ಬಿಡಲ್ಲ ಅಂತಾರೆ. ಹಂಪಿಯಲ್ಲಿ ನಮಗಿಂತ ಮುಂದೆ ನಡೆದವರು ಅವರು!

ದ್ವೀಪಕ್ಕೆ ಕರಾವಳಿಯ ಸಿಹಾನೂಕ್‌ವಿಲ್ ಊರಿನಿಂದ ದೋಣಿ. ಅಂಕೋರ್ ಪಕ್ಕದ ಊರು ಸಿಯೆಮ್ ರೀಪ್‌ನಿಂದ ಅಲ್ಲಿಗೆ ರಾತ್ರಿ ಬಸ್ ಇದೆ, ಆದರೆ ಅಮ್ಮನನ್ನು ರಾತ್ರಿಯೆಲ್ಲ ಕೂರಿಸೋಕೆ ಮನಸ್ಸಿಲ್ಲ. ಏಜೆಂಟರನ್ನು ಕೇಳಿದರೆ "ದ್ವೀಪ ಬಿಟ್ಬಿಡಿ ಮೇಡಂ" ಅಂದರು. ನಾನೇ ಕಾಗದದಲ್ಲಿ ಮೂರು ಸಲ ಪ್ಲಾನ್ ಬರೆದು ಹರಿದೆ.

ಅಕ್ಟೋಬರ್‌ನಲ್ಲಿ ಅಲ್ಲಿನ್ನೂ ಮಳೆ. ದ್ವೀಪ ಕೊನೆಗಿಟ್ಟುಕೊಂಡು ದೋಣಿ ನಿಂತರೆ ವಾಪಸ್ ವಿಮಾನ ತಪ್ಪುತ್ತದಲ್ವಾ? ಅದಕ್ಕೆ ರಾಜಧಾನಿ ನೋಮ್ ಪೆನ್‌ನಲ್ಲಿ ಇಳಿದು, ಹೈವೇಯಲ್ಲಿ ಸಿಹಾನೂಕ್‌ವಿಲ್‌ಗೆ ಹೋಗಿ ದ್ವೀಪ ಮುಗಿಸಿ, ಕೊನೆಗೆ ಅಂಕೋರ್ ನೋಡಿ ಸಿಯೆಮ್ ರೀಪ್‌ನಿಂದಲೇ ವಾಪಸ್ ಬರೋಣ ಅಂತಿದ್ದೇನೆ.

ಅಕ್ಟೋಬರ್‌ನಲ್ಲಿ ಹೋಗಿ ಬಂದವರು ಹೇಳಿ: ದ್ವೀಪ ಮೊದಲು ಇಟ್ಟರೆ ಸರೀನಾ? ವಯಸ್ಸಾದವರಿಗೆ ಆ ದೋಣಿ ಹತ್ತಿ ಇಳಿಯೋದು ಕಷ್ಟವಾ?