ದುಡ್ಡು ಕೊಟ್ಟು ಕೊಂಡ ಇ-ಪುಸ್ತಕಕ್ಕೂ ಬೀಗವೇ? – ಪ್ರಶ್ನೋತ್ತರ

ಪ್ರಶ್ನೆ: ಸರ್, ಆನ್‌ಲೈನ್ ಅಂಗಡಿಯೊಂದರಲ್ಲಿ ಇ-ಪುಸ್ತಕ ಕೊಂಡೆ. ಡೌನ್‌ಲೋಡ್ ಆಗಿದ್ದು ‘.ಎಸಿಎಸ್‌ಎಂ’ ಫೈಲ್. ಆಫೀಸ್ ಲ್ಯಾಪ್‌ಟಾಪ್‌ನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ಎಂಬ ಇ-ಪುಸ್ತಕ ಓದುವ ತಂತ್ರಾಂಶ ಹಾಕಿಕೊಂಡು ಓದುತ್ತಿದ್ದೆ. ಈಗ ಮನೆ ಕಂಪ್ಯೂಟರ್‌ನಲ್ಲಿ ತೆರೆದರೆ ‘ಆಲ್ರೆಡಿ ಫುಲ್‌ಫಿಲ್ಡ್ ಬೈ ಅನದರ್ ಯೂಸರ್’ ಅಂತ ಬರುತ್ತಿದೆ. ಬೇರೆ ಯೂಸರ್ ಯಾರೂ ಇಲ್ಲ, ಎರಡೂ ಕಡೆ ನಾನೇ. ಏನು ಮಾಡಲಿ?

ಉತ್ತರ: ಮೇಡಂ, ಆ ಫೈಲ್ ಪುಸ್ತಕವಲ್ಲ. ಗಾತ್ರ ನೋಡಿ, ಒಂದೆರಡು ಕೆಬಿ ಇರುತ್ತೆ ಅಷ್ಟೇ. ಸರ್ವರ್‌ನಿಂದ ಪುಸ್ತಕ ತರಿಸುವ ಚೀಟಿ ಅದು. ಮೊದಲು ಯಾವ ಅಡೋಬಿ ಐಡಿಯಿಂದ (ಅಡೋಬಿ ಖಾತೆಯಿಂದ) ತೆರೆದಿರೋ ಆ ಐಡಿಗೇ ಅಂಟಿಕೊಂಡುಬಿಡುತ್ತೆ. ಬೇರೆಯವರು ತೆರೆಯದಂತೆ, ನಕಲು ಮಾಡದಂತೆ ಹಾಕುವ ಈ ಡಿಜಿಟಲ್ ಬೀಗಕ್ಕೆ ಡಿಆರ್‌ಎಂ ಅಂತಾರೆ.

ಆಫೀಸಿನಲ್ಲಿ ಐಡಿ ಹಾಕಿದ್ದರೆ ಕೆಲಸ ಸುಲಭ. ಮನೆಯಲ್ಲಿ ‘ಹೆಲ್ಪ್’ ಮೆನುವಿನ ‘ಆಥರೈಜ್ ಕಂಪ್ಯೂಟರ್’ಗೆ ಹೋಗಿ ಅದೇ ಐಡಿ ಕೊಡಿ, ಚೀಟಿಯನ್ನು ಮತ್ತೆ ತೆರೆಯಿರಿ. ಬಹಳ ಜನ ಎಡವುವುದು ಅದೇ ಕಿಟಕಿಯಲ್ಲಿರುವ ‘ಐಡಿ ಇಲ್ಲದೆ ಆಥರೈಜ್ ಮಾಡು’ ಎಂಬ ಟಿಕ್ ಗುರುತಿನಲ್ಲಿ. ಅದನ್ನು ಒತ್ತಿದ್ದರೆ ಪುಸ್ತಕ ಆ ಒಂದು ಯಂತ್ರಕ್ಕೇ ಸೀಮಿತ. ಇ-ರೀಡರ್‌ಗೂ ಹೋಗುವುದಿಲ್ಲ. ಆಗ ಅಂಗಡಿಯವರಿಗೆ ಆರ್ಡರ್ ಸಂಖ್ಯೆ ಕಳಿಸಿ ಹೊಸ ಚೀಟಿ ಕೇಳುವುದೊಂದೇ ದಾರಿ.

ಮನೆ ಕಂಪ್ಯೂಟರ್‌ನಲ್ಲಿ ತಪ್ಪು ಐಡಿ ಇದ್ದರೆ ಕಂಟ್ರೋಲ್+ಶಿಫ್ಟ್+ಡಿ ಒತ್ತಿ ಅಳಿಸಬಹುದು. ಆದರೆ ಅವಸರ ಮಾಡಬೇಡಿ. ಐಡಿ ಇಲ್ಲದೆ ತೆರೆದ ಬೇರೆ ಪುಸ್ತಕಗಳು ಆ ಕಂಪ್ಯೂಟರ್‌ನಲ್ಲಿದ್ದರೆ, ಅಳಿಸಿದ ಮೇಲೆ ಅವು ಯಾವುವೂ ತೆರೆಯುವುದಿಲ್ಲ.

ಪ್ರಶ್ನೆ: ಓಟಿಟಿ ಸಿನಿಮಾಕ್ಕೂ ಇಂಥದ್ದೇ ಬೀಗ ಇದೆ, ಅದಕ್ಕೆ ಯಾರೂ ಗೊಣಗುವುದಿಲ್ಲ. ಪುಸ್ತಕ, ಹಾಡಿನ ವಿಷಯದಲ್ಲಿ ಮಾತ್ರ ಜನಕ್ಕೆ ಯಾಕಿಷ್ಟು ಸಿಟ್ಟು?

ಉತ್ತರ: ಓಟಿಟಿಗೆ ಕೊಡುವುದು ಬಾಡಿಗೆ ಅಂತ ಎಲ್ಲರಿಗೂ ಗೊತ್ತು. ಪುಸ್ತಕದ ಪಕ್ಕದಲ್ಲಿ ‘ಬೈ’ (ಕೊಳ್ಳಿ) ಅಂತ ಗುಂಡಿ ಇಟ್ಟು, ಷರತ್ತಿನಲ್ಲಿ ‘ಲೈಸೆನ್ಸ್’ (ಬಳಸಲು ಅನುಮತಿ ಮಾತ್ರ) ಅಂತ ಬರೆದಿರುತ್ತಾರೆ. ಸಿಟ್ಟು ಹುಟ್ಟುವುದು ಅಲ್ಲಿ, ಮತ್ತು ಆ ಸಿಟ್ಟು ನ್ಯಾಯವಾದದ್ದು. 2009ರ ಜುಲೈನಲ್ಲಿ ಅಮೆಜಾನ್ ಜಾರ್ಜ್ ಆರ್ವೆಲ್‌ನ ಎರಡು ಪುಸ್ತಕಗಳನ್ನು ಕೊಂಡವರ ಕಿಂಡಲ್‌ನಿಂದಲೇ ಅಳಿಸಿತು. ಮಾರಿದವರಿಗೆ ಹಕ್ಕೇ ಇರಲಿಲ್ಲ ಎಂಬುದು ಕಾರಣ. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದ ಅಂಗಡಿ ಮುಚ್ಚಿದಾಗ ಕೊಂಡಿದ್ದ ಪುಸ್ತಕಗಳೆಲ್ಲ ಹೋದವು. ಎರಡೂ ಸಲ ದುಡ್ಡು ವಾಪಸ್ ಬಂತು. ಅಂಚಿನಲ್ಲಿ ಟಿಪ್ಪಣಿ ಬರೆದುಕೊಂಡಿದ್ದವರಿಗೆ ಮೈಕ್ರೋಸಾಫ್ಟ್ 25 ಡಾಲರ್ ಹೆಚ್ಚಿಗೆ ಕೊಟ್ಟಿತು. ಓದಿ ಗೆರೆ ಎಳೆದ ಪುಸ್ತಕ ಮಾತ್ರ ಕೈಗೆ ಬರಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 2025ರ ಜನವರಿ 1ರಿಂದ, ಸಿಗುವುದು ಲೈಸೆನ್ಸ್ ಮಾತ್ರ ಅಂತ ಸ್ಪಷ್ಟವಾಗಿ ತಿಳಿಸದೆ ‘ಬೈ’ ಎಂಬ ಪದ ಬಳಸುವಂತಿಲ್ಲ.

2005ರಲ್ಲಿ ಸೋನಿ ಬಿಎಂಜಿ ಎಂಬ ಸಂಗೀತ ಕಂಪನಿ ಮಾರಿದ ಸಿಡಿಗಳದ್ದು ಇನ್ನೂ ಕೆಟ್ಟ ಕಥೆ. ಕಂಪ್ಯೂಟರ್‌ಗೆ ಹಾಕಿದರೆ ನಕಲು ತಡೆಯುವ ಬೀಗದ ಜೊತೆ ಒಂದು ರೂಟ್‌ಕಿಟ್ (ಕಣ್ಣಿಗೆ ಬೀಳದಂತೆ ಅಡಗಿ ಕೂರುವ ತಂತ್ರಾಂಶ) ಇಳಿಯುತ್ತಿತ್ತು. ‘$ಸಿಸ್$’ ಎಂದು ಶುರುವಾಗುವ ಹೆಸರಿನ ಫೈಲ್‌ಗಳನ್ನೆಲ್ಲ ಅದು ಮರೆಮಾಡುತ್ತಿತ್ತು. ವೈರಸ್ ಬರೆಯುವವರು ಅದೇ ಮರೆಯನ್ನು ಬಳಸಿಕೊಂಡರು. ಕೆಟ್ಟಿದ್ದು ಅಂಗಡಿಯಲ್ಲಿ ಸಿಡಿ ಕೊಂಡವರ ಕಂಪ್ಯೂಟರ್. ಕದ್ದ ಎಂಪಿ3 ಕೇಳಿದವರಿಗೆ ಏನೂ ಆಗಲಿಲ್ಲ.

ಪ್ರಶ್ನೆ: ಹಾಗಾದರೆ ಕೊಂಡ ಪುಸ್ತಕದ ಬೀಗ ನಾನೇ ತೆಗೆದರೆ ಅಪರಾಧವೇ?

ಉತ್ತರ: ನಮ್ಮ ಹಕ್ಕುಸ್ವಾಮ್ಯ ಕಾಯ್ದೆಗೆ 2012ರಲ್ಲಿ 65ಎ ಕಲಂ ಸೇರಿತು. ಹಕ್ಕು ಉಲ್ಲಂಘಿಸುವ ಉದ್ದೇಶದಿಂದ ಬೀಗ ಮುರಿದರೆ 2 ವರ್ಷದವರೆಗೆ ಜೈಲು, ದಂಡ. ಇಲ್ಲಿ ‘ಉದ್ದೇಶ’ ಎಂಬ ಪದವೇ ಮುಖ್ಯ. ಕಾಯ್ದೆ ನಿಷೇಧಿಸದ ಕೆಲಸಕ್ಕಾಗಿ ತೆಗೆಯುವುದನ್ನು ಆ ಕಲಮೇ ಹೊರಗಿಟ್ಟಿದೆ. ಆದರೂ ಅಂಗಡಿಯ ಷರತ್ತು ಮುರಿದಂತಾಗಿ ಖಾತೆ ಹೋಗಬಹುದು. ತೆಗೆದ ಪ್ರತಿಯನ್ನು ವಾಟ್ಸಾಪ್ ಗುಂಪಿಗೆ ಹಾಕಿದಿರೋ, ಅದು ನೇರ ಉಲ್ಲಂಘನೆ. ಅಮೆರಿಕದಲ್ಲಿರುವ ಓದುಗರು ಗಮನಿಸಿ: ಅಲ್ಲಿನ 1998ರ ಕಾನೂನಿನಲ್ಲಿ ಬೀಗ ಮುರಿಯುವುದೇ ತಪ್ಪು, 3 ವರ್ಷಕ್ಕೊಮ್ಮೆ ಪ್ರಕಟವಾಗುವ ವಿನಾಯಿತಿಗಳನ್ನು ಬಿಟ್ಟು.

ಪ್ರಶ್ನೆ: ನಮ್ಮದು ಸಣ್ಣ ಪ್ರಕಾಶನ. ಕನ್ನಡ ಇ-ಪುಸ್ತಕ ತರುತ್ತಿದ್ದೇವೆ. ಬೀಗ ಹಾಕಿಸಬೇಕಾ?

ಉತ್ತರ: ಬೇಡ ಸರ್. ಕದಿಯುವವರಿಗೆ ಒಂದು ಪ್ರತಿಯ ಬೀಗ ತೆಗೆದರೆ ಸಾಕು. ತೊಂದರೆ ಉಳಿದ ಓದುಗರಿಗೆ. ವಿಜ್ಞಾನ ಕಾದಂಬರಿಗಳ ಪ್ರಕಾಶಕರಾದ ಟಾರ್ 2012ರಲ್ಲಿ ಬೀಗ ತೆಗೆದರು. ಒಂದು ವರ್ಷದ ನಂತರವೂ ಕಳ್ಳಪ್ರತಿ ಎದ್ದು ಕಾಣುವಷ್ಟು ಹೆಚ್ಚಿಲ್ಲ ಅಂತ ಅವರೇ ಹೇಳಿದರು. ಬೀಗವಿಲ್ಲದ ಬರೀ ಇಪಬ್ (ಇ-ಪುಸ್ತಕದ ಒಂದು ಫೈಲ್ ರೂಪ) ಕೊಡಿ, ಮೊದಲ ಪುಟದಲ್ಲಿ ಕೊಂಡವರ ಹೆಸರು, ಆರ್ಡರ್ ಸಂಖ್ಯೆ ಅಚ್ಚಾಗುವಂತೆ ಮಾಡಿಸಿ. ತಮ್ಮ ಹೆಸರಿರುವ ಪ್ರತಿಯನ್ನು ಹಂಚಲು ಜನ ಹಿಂಜರಿಯುತ್ತಾರೆ. ಫೋನ್ ನಂಬರ್ ಮಾತ್ರ ಹಾಕಿಸಬೇಡಿ.