ಸಹಾಯ ಬೇಕು: ಬಣ್ಣದ ಕೇಕ್, ಬಿಳಿ ಕ್ರೀಮ್, ಪದರ ಕಲಸಿಹೋಗಬಾರದು

ಮಗಳ ಹುಟ್ಟುಹಬ್ಬಕ್ಕೆ ಗಾಜಿನ ಬಟ್ಟಲಲ್ಲಿ ಕೆಂಪು, ಹಳದಿ, ಹಸಿರು ಕೇಕ್ ಪದರ ಜೋಡಿಸಿ, ನಡುನಡುವೆ ಬಿಳಿ ಕ್ರೀಮ್ ಹಾಕಬೇಕು ಅಂದುಕೊಂಡಿದ್ದೇನೆ. ಹಿಟ್ಟು ತೆಳುವಾಗದಿರಲಿ ಅಂತ ಜೆಲ್ ಬಣ್ಣವೇ ಬಳಸುತ್ತೇನೆ. ತಲೆನೋವು ಕ್ರೀಮಿನದು. ಹಿಂದಿನ ರಾತ್ರಿಯೇ ಜೋಡಿಸಿ ಫ್ರಿಜ್‌ನಲ್ಲಿಟ್ಟರೆ ಬಣ್ಣ, ಅದರಲ್ಲೂ ಕೆಂಪು, ಕ್ರೀಮಿಗೆ ಇಳಿಯುತ್ತದಾ? ಸಕ್ಕರೆ ಪಾಕ ಚಿಮುಕಿಸದಿದ್ದರೆ ಕೇಕ್ ಒಣಗುತ್ತದೆ, ಜಾಸ್ತಿಯಾದರೆ ಬಣ್ಣ ಹರಡುತ್ತದೆ ಅಲ್ವಾ? ಎಷ್ಟು ಸಾಕು?

35% ಕೊಬ್ಬಿನ ಡೇರಿ ಕ್ರೀಮ್ ಇದೆ. ತಣ್ಣಗಿನ ಪಾತ್ರೆಯಲ್ಲಿ ಬೀಟ್ ಮಾಡಿದರೆ ಚೆನ್ನಾಗಿ ನಿಲ್ಲುತ್ತದೆ, ಆದರೆ ಮರುದಿನ ತಳದಲ್ಲಿ ನೀರು ಬಿಡುತ್ತದೆ. ನಾವು ಸಸ್ಯಾಹಾರಿಗಳು, ಕ್ರೀಮ್ ಗಟ್ಟಿ ನಿಲ್ಲಲು ಹಾಕುವ ಜೆಲಟಿನ್ (ಪ್ರಾಣಿಮೂಲದ್ದು) ಬೇಡ. ಅದರ ಬದಲು ಕ್ರೀಮ್ ಚೀಸ್ ಬೆರೆಸಿದರೆ ಹುಳಿ ಜಾಸ್ತಿ ಆಗುತ್ತದಾ?

ಮಾಡಿ ನೋಡಿದವರು ಹೇಳಿ. ವಿಡಿಯೋ ಲಿಂಕ್ ಬೇಡ, ಸುಮ್ನೆ ನೋಡಿ ನೋಡಿ ಸಾಕಾಗಿದೆ.