ಜೇನುಪೆಟ್ಟಿಗ್ಯಾಗ ಮೇಣದ ಹುಳ, ಎಷ್ಟ ತೆಗದ್ರೂ ಮತ್ತ ಬರ್ತಾವ

ತೊಗರಿನಾಡು (ಕಲಬುರಗಿ):
ಸಾಕಾಗಿ ಹೋಗ್ಯಾದ್ರಿ. ಹಿತ್ತಲದಾಗಿನ ಪೆಟ್ಟಿಗಿ ತೆಗದ್ರ ಎರಿ (ನೊಣ ಕಟ್ಟಿದ ಮೇಣದ ತಟ್ಟಿ) ತುಂಬ ಬಿಳಿ ಬಲಿ, ತಳದಾಗ ಕರೀ ಹಿಕ್ಕಿ. ಹುಳ ಆರಿಸಿ ಒಗದೀನಿ, ಬೇವಿನ ತಪ್ಪಲ ಹೊಗಿ ಹಾಕೀನಿ. ಔಷಧ ಇದ್ರ ಹೆಸರ ಹೇಳ್ರಿ.

ಭಾಲ್ಕಿ ತೋಟ:
ಸಂದಿ ಮುಚ್ಚೀರೇನು? ಈ ಹುಳದ ತಾಯಿ ಪತಂಗ ರಾತ್ರಿ ಬಂದು ಸಂದಿನಾಗ ತತ್ತಿ ಇಡ್ತದ.

ತೊಗರಿನಾಡು:
ಮುಚ್ಚೀನ್ರಿ.

ಭಾಲ್ಕಿ ತೋಟ:
ಮುಚ್ಚಳದ ಕೆಳಗ ನೋಡ್ರಿ. ಎಲ್ಲೋ ಬಿಟ್ಟಿರ್ತೀರಿ. ನಾ ಸಾಗವಾನಿ ಕಟಗಿದು ಮಾಡಿಸೀನಿ, ಕೂದಲ ಸೈತ ಹೋಗಂಗಿಲ್ಲ.

ಶಹಾಪುರ ಮಾಸ್ತರ:
ಗಂಧಕದ ಹೊಗಿ ಹಾಕ್ರಿ. ಇಲ್ಲಂದ್ರ ನುಸಿ ಗುಳಿಗಿ.

ಶಿರಸಿ ತುಡುವೆ:
ನುಸಿ ಗುಳಿಗೆ ಖಂಡಿತ ಬೇಡ, ಮೇಣಕ್ಕೂ ಜೇನಿಗೂ ವಾಸನೆ ಹಿಡಿಯುತ್ತದೆ. ಗಂಧಕ ಹಾಕಿದರೆ ನೊಣಗಳೇ ಸಾಯುತ್ತವೆ.

ಶಹಾಪುರ ಮಾಸ್ತರ:
ನಾ ಎತ್ತಿಟ್ಟ ಖಾಲಿ ಎರಿಗಿ ಹೇಳೀನ್ರೀ ಸರ, ನೊಣ ಇದ್ದದ್ದಕ್ಕಲ್ಲ.

ಶಿರಸಿ ತುಡುವೆ:
ಹಾಗಂತ ಬರೆಯಬೇಕಿತ್ತು. ಖಾಲಿ ಎರಿಯಲ್ಲೂ ಗಂಧಕಕ್ಕೆ ತತ್ತಿ ಸಾಯುವುದಿಲ್ಲ. ತೊಗರಿನಾಡು ಅವರೇ, ನಿಮ್ಮದು ನಾಡಿನ ಜೇನು ತುಡುವೆಯೋ, ಹೊರದೇಶದ ತಳಿ ಮೆಲ್ಲಿಫೆರಾವೋ? ನೊಣ ಎಷ್ಟು ಎರಿ ಮುಚ್ಚಿವೆ?

ತೊಗರಿನಾಡು:
ತುಡುವಿ. ಎಂಟ ಎರಿ ಅದಾವ, ನೊಣ ಮೂರರ ಮ್ಯಾಲಷ್ಟ. ಬ್ಯಾಸಗಿಗಿ ಸೊರಗ್ಯಾವ.

ಶಿರಸಿ ತುಡುವೆ:
ಕಾರಣ ಅದೇ. ಮೂರು ಎರಿಯಷ್ಟು ನೊಣ ಎಂಟು ಎರಿ ಕಾಯಲಾರವು. ನೊಣ ಕೂರದ ಐದನ್ನೂ ಇವತ್ತೇ ತೆಗೆಯಿರಿ. ಹುಳ ಬರೀ ಮೇಣ ತಿಂದು ಬೆಳೆಯುವುದಿಲ್ಲ. ಪರಾಗ, ಮರಿ ಬಿಟ್ಟ ಪೊರೆ ಬೇಕು. ಹಾಗಾಗಿ ಹಳೆ ಕಪ್ಪು ಎರಿಗೇ ಮೊದಲು ಬೀಳುತ್ತದೆ, ಅದನ್ನು ಕರಗಿಸಿಬಿಡಿ. ಚೆನ್ನಾಗಿರುವ ಎರಿ ಫ್ರೀಜರಿನಲ್ಲಿಡಿ; ಮೈನಸ್ 15 ಡಿಗ್ರಿಯಲ್ಲಿ 2 ಗಂಟೆಗೆ ತತ್ತಿ ಸಮೇತ ಸಾಯುತ್ತದೆ, ಎರಿ ಪೂರ್ತಿ ತಣಿಯಲು ಒಂದು ರಾತ್ರಿ ಬಿಡಿ. ತುಡುವೆ ಹಳೆ ಎರಿ ಕಡಿದು ತಳಕ್ಕೆ ಉದುರಿಸುತ್ತವೆ, ಆ ಪುಡಿಯಲ್ಲೂ ಹುಳ ಬೆಳೆಯುತ್ತದೆ. ಅಡಿಹಲಗೆ ವಾರಕ್ಕೊಮ್ಮೆ ಗುಡಿಸಿ. ತಡ ಮಾಡಿದರೆ ಕುಟುಂಬವೇ ಪೆಟ್ಟಿಗೆ ಬಿಟ್ಟು ಹೋಗುತ್ತದೆ. ನೊಣ ಇರುವಲ್ಲಿ ಔಷಧ ಬೇಡವೇ ಬೇಡ.

ಭಾಲ್ಕಿ ತೋಟ:
ನಮ್ಮ ಕಡಿ ಕರೆಂಟೇ ಇರಂಗಿಲ್ಲ, ಫ್ರೀಜರ್ ಎಲ್ಲಿಂದ? ಸಂದಿ ನೋಡ್ರಿ ಅಂತ ನಾ ಮೊದಲೇ ಹೇಳೀನಿ.

ಶಹಾಪುರ ಮಾಸ್ತರ:
ಐಸ್‌ಕ್ರೀಮ್ ಅಂಗಡ್ಯಾಗ ಕೇಳ್ರಿ. ಪ್ಲಾಸ್ಟಿಕ್ ಚೀಲದಾಗ ಕಟ್ಟಿ ಕೊಡ್ರಿ, ಇಟಕೋತಾರ.

ತೊಗರಿನಾಡು:
ಐದೂ ತೆಗದೀನ್ರಿ. ನೊಣ ಸೊರಗ್ಯಾವಂತ ಸಕ್ಕರಿ ಪಾಕ ಇಟ್ರ ಇರಿವಿ ಮುತ್ತತಾವಲ್ಲ?

ಭಾಲ್ಕಿ ತೋಟ:
ಸ್ಟ್ಯಾಂಡಿನ ಕಾಲಿಗಿ ನೀರಿನ ಬಟ್ಟಲ ಇಡ್ರಿ. ಪಾಕ ಹೊತ್ತ ಮುಳಗಿದ ಮ್ಯಾಲ ಒಳಗ ಇಡ್ರಿ.

ತೊಗರಿನಾಡು:
ಆಯ್ತ್ರಿ. ಇನ್ನೊಂದು, ತೊಗರಿ ಹೂವಿನಾಗ ಬಾಜೂ ಹೊಲದವರು ಕಾಯಿಕೊರಕಕ್ಕ ಎಣ್ಣಿ ಹೊಡಿತಾರ. ಆವಾಗ ಬಾಗಲ ಮುಚ್ಚಬೇಕೋ, ಪೆಟ್ಟಿಗಿನೇ ಸರಿಸಬೇಕೋ?